ಗಾಣದ ಪಕ್ಕದ ಕೆಂಪು ದೀಪ

ಗಾಣಕ್ಕೆ ಕಬ್ಬು ಕೊಡುವವರ ಬೆರಳು ನೋಡಿ ಆಲೆಮನೆಯ ವಯಸ್ಸು ಹೇಳಬಹುದೆಂಬ ಕ್ರೂರವಾದೊಂದು ತಮಾಷೆ ನಮ್ಮ ಕಡೆ ಚಾಲ್ತಿಯಲ್ಲಿತ್ತು. ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ದಾರಿಯಲ್ಲಿ ನನ್ನ ಸೋದರಮಾವನ ಆಲೆಮನೆ. ಅಲ್ಲಿ ರೋಲರುಗಳ ನಡುವೆ ಕಬ್ಬು ತಳ್ಳುತ್ತಿದ್ದವರು ಮಾವನ ಊರಿನವರೇ ಆದ ಒಬ್ಬ ಹೆಂಗಸು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕನಿಗೆ ಹತ್ತು ಬೆರಳೂ ಇದ್ದವು. ಅವು ಹಾಗೆಯೇ ಉಳಿಯಬೇಕೆಂಬುದು ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನನ್ನ ಹಟವಾಗಿತ್ತು.

ಆಗ ನಾನು ನಾಗಮಂಗಲದ ಕಡೆಯ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದೆ. ವಿಜ್ಞಾನ ಊರಿಗೆ ಬರಬೇಕು, ದುಡಿಯುವವರ ಮೈ ಕಾಯಬೇಕು ಎಂದು ವಿದ್ಯಾರ್ಥಿಯಾಗಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ವಾದಿಸಿದವನು, ಆ ಮಾತಿಗೆ ಬದ್ಧನಾಗಿರಬೇಕೆಂದು ಒಂದು ಯಂತ್ರ ಕಟ್ಟಿದೆ. ಕಬ್ಬು ಹಾಯುವ ಎತ್ತರಕ್ಕಿಂತ ತುಸು ಮೇಲೆ, ರೋಲರುಗಳ ಮುಂದೆ, ಬೆಳಕಿನ ಒಂದು ಗೆರೆ. ಕೈ ಆ ಗೆರೆಯನ್ನು ಕಡಿದರೆ ಗಾಣದ ಪಕ್ಕದಲ್ಲಿಟ್ಟ ಪೆಟ್ಟಿಗೆಯೊಳಗಿನ ಕಂಪ್ಯೂಟರ್ ಚಿಪ್ಪು ತಕ್ಷಣ ಬ್ರೇಕ್ ಹಾಕಿಸಬೇಕು. ಗೆರೆಯಿಂದ ರೋಲರಿನವರೆಗೆ ಕೈ ಹೋಗಲು ಬೇಕಾದ ಸಮಯಕ್ಕಿಂತ ಮೊದಲೇ ಹಾಕಿಸಬೇಕು. ಇಡೀ ಪ್ರಶ್ನೆ ಇದ್ದದ್ದು ಆ ‘ಮೊದಲೇ’ ಎಂಬುದರಲ್ಲಿ.

ಪ್ರಯೋಗಶಾಲೆಯಲ್ಲಿ ಎಷ್ಟು ಬಾರಿ ಅಳೆದರೂ ಅದು ಸೋಲಲಿಲ್ಲ. ಆದರೂ ನನಗೆ ನೆಮ್ಮದಿಯಿರಲಿಲ್ಲ. ಚರ್ಚೆಯಲ್ಲಿ ಒಂಬತ್ತು ಉದಾಹರಣೆ ಗಟ್ಟಿಯಾಗಿದ್ದರೆ ಹತ್ತನೆಯದರ ಜೊಳ್ಳನ್ನು ತೀರ್ಪುಗಾರರು ಮನ್ನಿಸುತ್ತಾರೆ, ರೋಲರು ಮನ್ನಿಸುವುದಿಲ್ಲ. ಅಳೆದದ್ದರಿಂದ ಸಿಗುವುದು ಈವರೆಗೆ ಆದ ತಡ. ಆಗಬಹುದಾದ ಅತಿ ದೊಡ್ಡ ತಡ ತಿಳಿಯಬೇಕಾದರೆ, ಪ್ರೋಗ್ರಾಮು ಕವಲೊಡೆಯುವ ಕಡೆಯಲ್ಲೆಲ್ಲ ಉದ್ದನೆಯ ದಾರಿಯನ್ನೇ ಹಿಡಿದು, ಪ್ರತಿ ಆದೇಶಕ್ಕೆ ತಗಲುವ ಸಮಯವನ್ನು ಕೈಪಿಡಿ ನೋಡಿ ಕೂಡುತ್ತಾ ಹೋಗಬೇಕು. ಆ ಲೆಕ್ಕ ಮುಗಿಯುವ ತನಕ ಕೈ ಒಳಗೆ ಹೋಗದಂತೆ ಗಾಣದ ಬಾಯಿಗಿರುವ ಹಳೆಯ ಅಡ್ಡಹಲಗೆಯನ್ನು ತೆಗೆಯಬಾರದೆಂದು ಮಾವನಿಂದ ಮಾತು ತೆಗೆದುಕೊಂಡೇ ಯಂತ್ರವನ್ನು ಪರೀಕ್ಷೆಗೆ ಕೂರಿಸಿದ್ದೆ.

ಲೆಕ್ಕ ಮುಗಿದಾಗ ಒಂದು ದಾರಿ ಮಾತ್ರ ಕೈಗಿಂತ ನಿಧಾನವಾಗಿತ್ತು. ಮೋಟರಿನ ಮೇಲಿನ ಭಾರ ಏಕಾಏಕಿ ಇಳಿದರೆ, ಬೆಲ್ಟು ಕಳಚಿತೇನೋ ಎಂದು ಚಿಪ್ಪು ಮತ್ತೆ ಮತ್ತೆ ಅಳೆದು ನೋಡುತ್ತಿತ್ತು. ಒಂದು ಸುತ್ತಿನ ಅಳತೆ ಮುಗಿಯುವವರೆಗೆ ಬೆಳಕಿನ ಗೆರೆಯ ಕಡೆ ಅದು ತಿರುಗುತ್ತಿರಲಿಲ್ಲ. ಆ ಕೆಲಸ ನಡೆದಿದೆಯೆಂದು ನನಗೆ ಗೊತ್ತಾಗಲು ಪೆಟ್ಟಿಗೆಯ ಮೇಲೆ ಒಂದು ಕೆಂಪು ದೀಪ ಇಟ್ಟಿದ್ದೆ. ಬೆಲ್ಟು ಕಳಚುವುದೇ ಅಪರೂಪ. ಅದೇ ಕ್ಷಣಕ್ಕೆ ಕೈಯೂ ಒಳಗೆ ಹೋಗುವುದು ಇನ್ನೂ ಅಪರೂಪ. ಹೀಗೆ ನನಗೆ ನಾನೇ ವಾದಿಸಿಕೊಂಡೆ. ವಾದ ಗೆದ್ದಿತು, ಮನಸ್ಸು ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಆಲೆಮನೆಗೆ ಬಂದವರನ್ನು ಕಬ್ಬಿನ ಹಾಲು ಕುಡಿಸದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಯಂತ್ರ ನೋಡಲೆಂದು ಪಕ್ಕದ ಊರಿನವರು ಮೂರ್ನಾಲ್ಕು ಜನ ಬಂದಿದ್ದರು. ಮಾವ ಹೆಮ್ಮೆಯಿಂದ ಕೂಗಿದರು: “ಬಂದ್ನಪ್ಪಾ ನಮ್ ವಿಜ್ಞಾನಿ! ಶುಂಠಿ ಹಾಕಿ ಹಾಲ್ ಬುಡಮ್ಮೋ ಇವ್ನಿಗೆ.”

ಅಕ್ಕ ಕಬ್ಬು ಕೊಡುವುದನ್ನು ನಿಲ್ಲಿಸಿದರು. ಹಿಂದಿನ ಕಬ್ಬೆಲ್ಲ ಹಾಯ್ದು ಗಾಣ ಬರಿದಾಗಿ ತಿರುಗತೊಡಗಿತು. ಜಜ್ಜಿದ ಶುಂಠಿ, ಹೋಳು ಮಾಡಿದ ನಿಂಬೆಹಣ್ಣು, ಅವನ್ನು ಒತ್ತಲು ಒಂದು ಮೋಟು ಕಬ್ಬು ಹಿಡಿದು ಅವರು ಕಾಯುತ್ತಾ ನಿಂತರು. ಕೆಂಪು ದೀಪ ಹೊತ್ತಿತು. ಆಮೇಲೆ ಅವರು ಬಾಗಿ, ಬೆರಳ ತುದಿ ಗೆರೆಯ ಅಂಚಿಗೆ ಹೋಗುವಷ್ಟು ಹತ್ತಿರದಿಂದ ಅದನ್ನೆಲ್ಲ ಒಳಕ್ಕೆ ಒತ್ತಿದರು. ಅಡ್ಡಹಲಗೆ ಅಲ್ಲಿರಲಿಲ್ಲ.

“ನಿಲ್ಸಿ ಮಾವ, ಗಾಣ ನಿಲ್ಸಿ!”

“ಯಾಕ್ಲಾ ಅಂಗ್ ಬಡ್ಕತೀಯೆ?” ಎನ್ನುತ್ತಲೇ ಮಾವ ಮೋಟರು ಆರಿಸಿದರು.

“ಹಲಗೆ ಎಲ್ಲಿ?”

“ಒಲೆಗಾಕ್ದೆ. ನಿನ್ ಪೆಟ್ಗೆ ಇರೋವಾಗ ಅದ್ಯಾಕ್ಲಾ ಅಡ್ಡಡ್ಡ? ಬೇಸಾಗ್ ಉರೀತು.”

ಬಂದವರು ನಕ್ಕರು. ನಾನು ಅಕ್ಕನನ್ನು, ದೀಪ ಹೊತ್ತುವ ತನಕ ಕಾದದ್ದೇಕೆಂದು ಕೇಳಿದೆ.

“ಕೆಂಪಾದ್ರೆ ಅದು ನನ್ ಕೈ ಕಾಯ್ತಾ ಅದೆ ಅಂತ ಅಲ್ವೇನಪ್ಪಾ?” ಎಂದರು ಅಕ್ಕ. “ಕಬ್ ಕೊಡೋವಾಗ ಮಲ್ಗಿರ್ತದೆ. ನಾನ್ ಕೈ ಹತ್ರಕ್ ತರೋವಾಗ ಎಚ್ಚರಾಯ್ತದೆ. ಜಾಣ ಪೆಟ್ಗೆ ಕಣಪ್ಪಾ ನಿಂದು.”

ಗಾಣ ಬರಿದಾದಾಗ ಮೋಟರಿನ ಭಾರ ಇಳಿಯುತ್ತಿತ್ತು; ಚಿಪ್ಪು ಬೆಲ್ಟನ್ನು ಹುಡುಕಲು ಹೊರಡುತ್ತಿತ್ತು. ಕಾಗದದ ಮೇಲೆ ನಾನು ಅಪರೂಪವೆಂದು ತಳ್ಳಿಹಾಕಿದ ದಾರಿಯಲ್ಲಿ ಈ ಹೆಂಗಸು ನೆಂಟರು ಬಂದಾಗಲೆಲ್ಲ ನಡೆಯುತ್ತಿದ್ದರು, ಅದೂ ದೀಪಕ್ಕಾಗಿ ಕಾದು. ಯಂತ್ರ ಅತ್ಯಂತ ನಿಧಾನವಾಗುವ ಗಳಿಗೆಯನ್ನೇ ಅವರು ತಮ್ಮ ಅಭಯವೆಂದು ಆರಿಸಿಕೊಂಡಿದ್ದರು.

“ಅಕ್ಕಾ, ಕೆಂಪಾದಾಗ ಅದು ಬೇರೆ ಕಡೆ ನೋಡ್ತಿರುತ್ತೆ. ನಿಮ್ಮ ಕೈನ ಅಲ್ಲ.”

ಅವರು ತಮ್ಮ ಅಂಗೈಯನ್ನೊಮ್ಮೆ ನೋಡಿಕೊಂಡು ಸೆರಗಿಗೆ ಒರೆಸಿದರು. “ಅಂಗಂತ ಮೊದ್ಲೇ ಯೋಳಿದ್ರೆ…” ಎಂದರು.

ಮಾವನಿಗೆ ಅವಮಾನವಾಗಿತ್ತು. “ಕಡ್ದ್ ಕಬ್ಬು ಹುಳೀ ಬಂದೋಯ್ತದೆ. ಇದೇನು ನಿಮ್ ಕಾಲೇಜ್ನಾಗೆ ಭಾಸ್ಣ ಮಾಡ್ದಂಗ್ ಅಂದ್ಕಂಡ್ಯೇನ್ಲಾ? ಇಷ್ಟ್ ದಿನ ಏನೂ ಆಗಿಲ್ಲ.”

‘ಇಷ್ಟು ದಿನ ಏನೂ ಆಗಿಲ್ಲ’: ಪ್ರಯೋಗಶಾಲೆಯ ನನ್ನ ಅಳತೆಗಳೂ ಹೇಳಿದ್ದು ಅಷ್ಟನ್ನೇ. ನಾನು ಗಾಣದ ಬಾಯಿಗೆ ಬೆನ್ನು ಕೊಟ್ಟು ನಿಂತೆ. ಹಲಗೆ ಬರುವವರೆಗೆ ಅಲ್ಲಿಂದ ಕದಲುವುದಿಲ್ಲವೆಂದು ಮಾವನಿಗೆ ಅರ್ಥವಾಯಿತು. ಗೊಣಗುತ್ತಲೇ ಎತ್ತಿನ ಗಾಡಿಯ ಪಕ್ಕದ ಹಲಗೆ ಬಿಚ್ಚಿ ತಂದು, ನನ್ನ ಮುಖ ನೋಡದೆ ಮೊಳೆ ಹೊಡೆದರು. ನಾನು ಚಿಪ್ಪನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಕಾಲೇಜಿಗೆ ಮರಳಿ ಪ್ರೋಗ್ರಾಮನ್ನು ಬದಲಿಸಿದೆ. ಬೇರೇನೇ ಕೆಲಸ ನಡೆಯುತ್ತಿರಲಿ, ಗೆರೆ ಕಡಿದೊಡನೆ ಅದನ್ನು ಬಿಟ್ಟು ಮೊದಲು ಬ್ರೇಕ್ ಹಾಕಬೇಕು. ಉದ್ದನೆಯ ದಾರಿಯನ್ನು ಮತ್ತೆ ಕೂಡಿದೆ. ಈ ಸಲ ಅದು ಕೈಗಿಂತ ಮೊದಲೇ ಮುಟ್ಟಿತು. ಮತ್ತೆ ಆಲೆಮನೆಗೆ ಹೋಗಿ, ಪೆಟ್ಟಿಗೆಯ ಕೆಂಪು ದೀಪ ತೆಗೆದು, ಆ ತೂತಿಗೆ ತಗಡು ಮುಚ್ಚಿ, ಚಿಪ್ಪನ್ನು ಮತ್ತೆ ಕೂರಿಸಿದೆ. ಗಾಡಿಯ ಹಲಗೆಯೂ ಅಲ್ಲೇ ಉಳಿಯಿತು.

ಯಂತ್ರ ಮತ್ತೆ ಕೂರಿಸಿದ ಆ ದಿನ ಮಾವ ಹಾಲು ಬಿಡಲು ಹೇಳಿದಾಗ ಅಕ್ಕ ಶುಂಠಿ ಹಿಡಿದು ನಿಂತರು. ಗಾಣ ಬರಿದಾಗಿ ತಿರುಗುತ್ತಿತ್ತು. ಅವರ ಕಣ್ಣು ತಗಡು ಮುಚ್ಚಿದ ಜಾಗದ ಮೇಲಿತ್ತು.

“ಇನ್ನು ಭಯ ಇಲ್ಲ ಅಕ್ಕ,” ಎಂದೆ.

“ಆವತ್ತೂ ನಂಗ್ ಭಯ ಇರ್ಲಿಲ್ಲ ಕಣಪ್ಪಾ,” ಎಂದು ಅವರು ಶುಂಠಿಯನ್ನು ಬುಟ್ಟಿಗೆ ಹಾಕಿ, ಬರಿಯ ಕಬ್ಬನ್ನೇ ಹಲಗೆಯ ಈಚೆಯಿಂದ ಕೊಟ್ಟರು.