ಹೆಸರು ಬರೆಸಿದ ಮಾಳಮ್ಮ ಟೀಚರ್

ಯಡ್ರಾಮಿಯ ಹುಡುಗಿಯರಿಗೆ ಮಾಳಮ್ಮ ಟೀಚರ್ ಹದಿನಾರು ವರ್ಷ ಪೌರನೀತಿ ಕಲಿಸಿದರು. ಹಕ್ಕು ಎಂಬ ಮಾತು ಬಂದರೆ ಸಾಕು, ಮೇಜು ಕುಟ್ಟಿ, ಸೀಮೆಸುಣ್ಣ ಮುರಿದು, ಪಕ್ಕದ ಕೋಣೆಗೂ ಕೇಳುವಂತೆ ದನಿ ಏರಿಸುತ್ತಿದ್ದರು.

1994ರ ಬೇಸಿಗೆ ರಜೆ. ದಕ್ಷಿಣ ಆಫ್ರಿಕಾದಲ್ಲಿ ಕರಿಯ ಜನ ಮೊದಲ ಸಲ ಮತ ಹಾಕುತ್ತಿದ್ದಾರೆಂದು ರೇಡಿಯೊ ಹೇಳಿತು. ಟೀಚರ್ ಏಳೆಂಟು ಹುಡುಗಿಯರನ್ನು ಮನೆಗೆ ಕರೆಸಿ ವಾರ್ತೆ ಕೇಳಿಸಿದರು.

"ಮುದುಕ್ಯಾರು ಸುದ್ದಾ ಸಾಲು ಹಚ್ಚಿ ನಿಂತಾರಂತ! ಯಾವ ದೇಶದಾಗ ಹಕ್ಕು ಕಸಗೊಂಡ್ರೂ ಅದರ ಉಸಾಬರಿ ನಮಗೂ ಅದ. ಅವ್ರಿಗೆ ಹಕ್ಕು ಸಿಕ್ಕರ ಖುಷಿನೂ ನಮ್ಮದೇ."

ಹತ್ತನೆಯ ತರಗತಿಯ ಸರ್ವರಬೇಗಂ ತಟ್ಟನೆ ಕೇಳಿದಳು: "ನಮ್ಮೂರ ಮುದುಕ್ಯಾರೆಲ್ಲಾ ವೋಟ್ ಹಾಕ್ತಾರೇನ್ರಿ ಟೀಚರ್?"

ಹೌದೆನ್ನಲು ಬಾಯಿ ತೆರೆದ ಮಾಳಮ್ಮ, ತಮಗದು ಗೊತ್ತೇ ಇಲ್ಲವೆಂದು ಹೊಳೆದು ಎದ್ದು ನಿಂತರು. "ನಡೀರಿ, ನೋಡೋಣು!"

ಚಾವಡಿಯ ಗೋಡೆಗೆ ಮತದಾರರ ಪಟ್ಟಿ ಅಂಟಿಸಿತ್ತು. ಒಂದೇ ಓಣಿಯ ಇಪ್ಪತ್ತಮೂರು ಹೆಂಗಸರಿಗೆ ಹೆಸರೇ ಇರಲಿಲ್ಲ. 'ಸೈದಪ್ಪನ ಹೆಂಡತಿ', 'ದೊಡ್ಡಪ್ಪನ ತಾಯಿ' ಎಂದಷ್ಟೇ ಬರೆದಿದ್ದರು. ದಿನಾ ಅದೇ ಗೋಡೆಯ ಮುಂದೆ ಓಡಾಡಿಯೂ ಓದಿರದ ಮಾಳಮ್ಮನ ಮುಖ ಕೆಂಪೇರಿತು. ಮರುದಿನವೇ ಹುಡುಗಿಯರಿಗೆ ಪಟ್ಟಿಯಲ್ಲಿ ಹೆಸರು ಬರೆಸುವ ಅರ್ಜಿ ಕೊಟ್ಟು ಮನೆಮನೆಗೆ ಹೊರಡಿಸಿದರು, ತಾವೂ ಹೊರಟರು.

ಅದೇ ಓಣಿಯ ಮುದುಕ ಶಾಂತಲಿಂಗಪ್ಪನವರ ಮನೆಯಲ್ಲಿ ಅವರ ಹೆಂಡತಿ ಜೋಳ ಹಸನು ಮಾಡುತ್ತಿದ್ದರು. ಹೆಸರು ಕೇಳಿದರೆ ಮುದುಕಿ ಸೆರಗು ಬಾಯಿಗಿಟ್ಟು ನಕ್ಕರು.

"ನಮ್ಮವ್ವ ಇಟ್ಟದ್ದು ಗೌರಾಬಾಯಿ. ಮದುವ್ಯಾಗ ಗಂಡನ ಮನ್ಯಾವ್ರು ಹೆಸರು ಬದಲಿಸಿ ಅಕ್ಕಿ ಮ್ಯಾಲ ಗಂಗಾಬಾಯಿ ಅಂತ ಬರದ್ರು. ಯಾವ್ದೂ ಯಾರೂ ಕರಿಲಿಲ್ಲ ಬಿಡ್ರಿ."

"ನೀವು ಯಾವ್ದು ಅಂತೀರೋ ಅದೇ ಬರಿತೇವ್ರಿ ಆಯಿ," ಎಂದಳು ಸರ್ವರಬೇಗಂ.

"ನಾ ಹೇಳಿದ್ದು ಬರಿತೀರೇನು?" ಮುದುಕಿಯ ಕೈ ಮೊರದಲ್ಲೇ ನಿಂತಿತು. "ಹಂಗಾದ್ರ ಗೌರಾಬಾಯಿ ಅಂತ ಬರಿ, ಮಗಳ."

ಕಟ್ಟೆಯ ಮೇಲೆ ಕೂತಿದ್ದ ಶಾಂತಲಿಂಗಪ್ಪ ತಿರುಗಿ ನೋಡಿದರು. "ನಲವತ್ತು ವರ್ಷ ಆತು, ನನಗ ಒಂದ್ ದಿನಾನೂ ಹೇಳ್ಲಿಲ್ಲಲ್ಲ!"

"ನೀವಾದ್ರೂ ಯಾವಾಗ ಕೇಳಿದ್ರಿ?"

ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇಪ್ಪತ್ತಮೂರು ಅರ್ಜಿಗಳಲ್ಲಿ ಚಾವಡಿಯ ಗುಮಾಸ್ತ ಇಪ್ಪತ್ತೆರಡನ್ನು ತೆಗೆದುಕೊಂಡ. ಗೌರಾಬಾಯಿಯದನ್ನು ಮಾತ್ರ ಹಿಂದೆ ತಳ್ಳಿದ. "ರೇಷನ್ ಕಾರ್ಡಿನಾಗ ಗಂಗಾಬಾಯಿ ಅದ. ಇದಕ್ಕ ಸಾಕ್ಷಿ ಯಾರು?"

ಮಾಳಮ್ಮ ವಾದಕ್ಕೆ ಸಿದ್ಧರಾಗುವಷ್ಟರಲ್ಲಿ, ಹಿಂದೆಯೇ ಬಂದಿದ್ದ ಶಾಂತಲಿಂಗಪ್ಪ ರುಮಾಲು ಸರಿಮಾಡಿಕೊಂಡು ಮುಂದೆ ನಿಂತರು. "ನಾ ಸಾಕ್ಷಿ. ಅಕಿ ಗೌರಾಬಾಯಿನೇ. ಎಲ್ಲಿ ಸಹಿ ಮಾಡ್ಲಿ, ಹೇಳ್ರಿ."

ಗುಮಾಸ್ತ ಸಹಿ ಹಾಕಿಸಿಕೊಂಡು ಮುದ್ರೆ ಒತ್ತಿದ. ಹುಡುಗಿಯರ ಕೂಗು ಚಾವಡಿ ದಾಟಿ ಬಸ್ ನಿಲ್ದಾಣದವರೆಗೂ ಕೇಳಿತು.

ವರ್ಷದ ಕೊನೆಗೆ ಚುನಾವಣೆ ಬಂತು. ಮಾಳಮ್ಮನನ್ನು ಜೇವರ್ಗಿಯ ಮತಗಟ್ಟೆಯ ಕೆಲಸಕ್ಕೆ ಹಾಕಿದ್ದರಿಂದ ಊರಿನ ಮತದಾನದ ಸಂಭ್ರಮ ಅವರ ಕಣ್ಣಿಗೆ ಬೀಳಲಿಲ್ಲ. ಮರುದಿನ ಅವರು ಊರಿಗೆ ಬಂದು ಬಸ್ಸಿಳಿದಾಗ ಹುಡುಗಿಯರು ಸುತ್ತುವರಿದು ಒಟ್ಟಿಗೇ ಮಾತಾಡತೊಡಗಿದರು. ಗೌರಾಬಾಯಿ ಆಯಿ ಹೊಸ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮೊದಲೇ ಬಂದಿದ್ದರಂತೆ. ಮತಗಟ್ಟೆಯ ಅಧಿಕಾರಿ ಹೆಸರು ಕೂಗಿದಾಗ, "ಇನ್ನೊಮ್ಮೆ ಕೂಗ್ರಿ," ಅಂದರಂತೆ.

"ಕೂಗಿದ್ರೇನು?" ಮಾಳಮ್ಮ ಚೀಲ ಕೆಳಗಿಟ್ಟು ಕೇಳಿದರು.

"ಎರಡು ಸಲ ಕೂಗಿದ್ರು ಟೀಚರ್!"