ಬೆಚ್ಚಗಿದ್ದ ಕೈ

ಮೊನ್ನೆ ಆತಗೂರಿನ ಆರೋಗ್ಯ ಶಿಬಿರದಲ್ಲಿ ಎಳೆಯ ನರ್ಸೊಬ್ಬಳು ನನ್ನ ಮಣಿಕಟ್ಟು ಹಿಡಿದು, "ಕೈ ಬೆಚ್ಚಗದೆ ಕಣಜ್ಜಿ, ಏನಿಲ್ಲ ಬುಡಿ" ಅಂದಳು. ಶಿಬಿರದವರು ಬರುವ ಮೊದಲೇ ಹೋಗಿ ಅವರ ಕುರ್ಚಿಗಳನ್ನು ನೆಟ್ಟಗೆ ಜೋಡಿಸಿಟ್ಟವಳು ನಾನು. ಆ ಮಾತು ಕೇಳಿ ಚೀಟಿಯನ್ನೂ ತೆಗೆದುಕೊಳ್ಳದೆ ಎದ್ದು ಬಂದೆ.

ನಾನೂ ನರ್ಸಾಗಿದ್ದವಳೇ. ಹಾಸಿಗೆಯ ಮೂಲೆ ಮಡಿಸುವುದಕ್ಕೂ ನನ್ನಲ್ಲೊಂದು ಕಾಯಿದೆ ಇತ್ತು. ಮನೆಯಲ್ಲೂ ಅಷ್ಟೆ, ಐದೂವರೆಗೆ ಕಾಫಿ, ಐದೂಮುಕ್ಕಾಲಿಗೆ ಲೋಟ ತೊಳೆದಿರಬೇಕು. "ನಿಮ್ಮಕ್ಕ ನಂಗೆ ಡಿಸ್ಚಾರ್ಜೇ ಕೊಡಾಕಿಲ್ಲ ಕಣ್ಲಾ" ಎಂದು ನಮ್ಮ ಯಜಮಾನರು ನನ್ನ ತಮ್ಮ ಬೆಟ್ಟಯ್ಯನ ಹತ್ತಿರ ದೂರುತ್ತಿದ್ದರು.

ಒಂದು ಮಧ್ಯಾಹ್ನ ಅವರು ಕಬ್ಬು ತುಂಬಿದ ಟ್ರೈಲರ್ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದಾಗ ಜಾರಿ, ತಲೆಕೆಳಗಾಗಿ ಕತ್ತಿನ ಮೇಲೆ ಬಿದ್ದರು. ನಮ್ಮ ಕಡೆ ಬಿದ್ದವರನ್ನು ಮಲಗಲು ಬಿಡುವುದಿಲ್ಲ, ನೋಡಿ. ಮಲಗಿದರೆ ಜೀವ ಜಾರುತ್ತದೆಂಬ ಭಯ. ಎತ್ತಿ ಕೂರಿಸಿ ನೆತ್ತಿಗೆ ನೀರು ತಟ್ಟಬೇಕು. ನಾನು ಓಡಿಹೋಗುವಷ್ಟರಲ್ಲಿ ನಾಲ್ಕು ಜನ ಕಂಕುಳಿಗೆ ಕೈ ಹಾಕಿದ್ದರು.

"ಅಕ್ಕ, ಅಂಗೇ ಮಲಗ್ಸಿ ಗಾಡೀಲಿ ತಕಂಡೋಗಣವಾ?" ಎಂದ ಬೆಟ್ಟಯ್ಯ.

ಯಜಮಾನರಿಗೆ ಎಚ್ಚರವಿತ್ತು. "ಲೇ, ನನ್ ಕಾಲ್ನ ಕಬ್ಬಿನ್ ಮ್ಯಾಲೇ ಬುಟ್ಬಂದ್ನೇನ್ಲಾ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೈ ಹಿಡಿದೆ. ಆಘಾತವಾದವರ ಕೈ ತಣ್ಣಗೆ ಬೆವರುತ್ತದೆ, ನಾಡಿ ಓಡುತ್ತದೆ. ವಾರ್ಡಿನಲ್ಲಿ ಎಷ್ಟು ಸಲ ಕಂಡಿರಲಿಲ್ಲ! ಇವರದು ಬೆಚ್ಚಗಿತ್ತು, ಬೆವರಿರಲಿಲ್ಲ, ನಾಡಿ ನಿಧಾನ. "ಏನೂ ಆಗಿಲ್ಲ, ಕೂರಿಸ್ಕೊಂಡು ನಡೀರಿ" ಎಂದು ಪಕ್ಕದಲ್ಲಿದ್ದ ಬೆಟ್ಟಯ್ಯನಿಗಷ್ಟೇ ಕೇಳುವಂತೆ ಹೇಳಿದೆ; ಉಳಿದವರಿಗೆ ಹೇಳಿದವನು ಅವನು. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿದರು, ಬೆಟ್ಟಯ್ಯ ಹಿಂದಿನಿಂದ ತಬ್ಬಿ ಹಿಡಿದ. ಮದ್ದೂರು ಆಸ್ಪತ್ರೆ ಮುಟ್ಟುವ ಮೊದಲೇ ಅವರಿಗೆ ಪ್ರಜ್ಞೆ ತಪ್ಪಿತ್ತು.

ಡಾಕ್ಟರು ಬಿಡಿಸಿ ಹೇಳಿದರು. ಕತ್ತಿನಲ್ಲಿ ಬೆನ್ನುಹುರಿಗೆ ಪೆಟ್ಟಾದರೆ, ಬಿಗಿಯಾಗಿರಿ ಎಂಬ ಅಪ್ಪಣೆ ರಕ್ತನಾಳಗಳಿಗೆ ತಲುಪುವುದಿಲ್ಲ. ಅವು ಸಡಿಲಗೊಂಡು ರಕ್ತ ಅಲ್ಲಲ್ಲೇ ನಿಲ್ಲುತ್ತದೆ, ಒತ್ತಡ ಕುಸಿಯುತ್ತದೆ. ಓಡು ಎಂದು ಹೃದಯಕ್ಕೂ ಯಾರೂ ಹೇಳುವುದಿಲ್ಲ. ಅದಕ್ಕೇ ಕೈ ಬೆಚ್ಚಗೆ, ನಾಡಿ ನಿಧಾನ. ಕೂರಿಸಿದರೆ ಇದ್ದಷ್ಟು ರಕ್ತವೂ ಕೆಳಗಿಳಿಯುತ್ತದೆ.

"ಯಾರು ಕೂರಿಸಿದ್ದು?" ಎಂದು ಕೇಳಿದರು. ನಾನು ಬೆಟ್ಟಯ್ಯನ ಕಡೆ ನೋಡಿದೆ. ಅವನು ತಲೆ ತಗ್ಗಿಸಿದ.

ನಾಲ್ಕನೆಯ ದಿನ ಯಜಮಾನರು ಹೋದರು. ಕೂರಿಸಿ ಕೊಂದ ಎಂದು ಊರು ಬೆಟ್ಟಯ್ಯನನ್ನೇ ಅಂದಿತು. ಅವನು ನಮ್ಮ ಮನೆಗೆ ಬರುವುದನ್ನು ಬಿಟ್ಟ. ಹದಿನೆಂಟು ವರ್ಷದಿಂದ ಐದೂಮುಕ್ಕಾಲಿಗೆ ಒಂದೇ ಲೋಟ ತೊಳೆಯುತ್ತಿದ್ದೇನೆ.

ಶಿಬಿರದಿಂದ ನೆಟ್ಟಗೆ ಬೆಸಗರಹಳ್ಳಿಗೆ, ತಮ್ಮನ ಮನೆಗೆ ಹೋದೆ. ಬೆಟ್ಟಯ್ಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ. ನಿಂತುಕೊಂಡೇ ಹೇಳಿದೆ: "ಕೂರ್ಸಿ ಅಂದೋಳು ನಾನು ಕಣೋ."

"ಗೊತ್ತು ಕಣಕ್ಕ. ಪಕ್ದಲ್ಲೇ ನಿಂತಿದ್ನಲ್ಲ."

"ಮತ್ಯಾಕ್ಲಾ ಬಾಯಿ ಬುಡ್ಲಿಲ್ಲ?"

"ಆ ಮನೇಲಿ ನೀನೊಬ್ಳೇ ಇರ್ಬೇಕಾಗಿತ್ತಲ್ಲ. ಅದ್ನೂ ಒತ್ಕೊಂಡು ಎಂಗಿರ್ತಿದ್ದೆ?"

ಪಕ್ಕದಲ್ಲಿ ಕೂತು ನಾನೂ ಕಾಯಿ ಸುಲಿದೆ. ಊರವರ ಮುಂದೆ ನಿಜ ಹೇಳುತ್ತೇನೆ, ನಾಳೆಯೇ ಬಾ ಎಂದೆ. ಅವನು ನಕ್ಕ. "ಅಂದೋರೆಲ್ಲ ಸತ್ತೋದ್ರು ಕಣಕ್ಕ. ಇನ್ಯಾರ್ಗೇಳೀಯೆ?"

ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.