ಯಾರೂ ನೋಡದ ಕಾಲು

ನಮ್ಮ ಮನೆಯವರ ಬಲಗಾಲನ್ನು ಕಳೆದವರು ಇಬ್ಬರು. ಒಬ್ಬ ಕಂಪೌಂಡರ್. ಇನ್ನೊಬ್ಬಳು ನಾನು. ಮಂದಿ ಶುಗರ್ ಎನ್ನುತ್ತಾರೆ, ಹಣೆಬರಹ ಎನ್ನುತ್ತಾರೆ. ಅನ್ನಲಿ.

ಇಳಕಲ್ಲಿನಲ್ಲಿ ನಮ್ಮದು ಕುಣಿಮಗ್ಗದ ಮನೆ. ನೇಯುವವನು ನೆಲಕ್ಕೆ ಕುಳಿತು, ಕಾಲು ಎರಡನ್ನೂ ಕುಣಿಯೊಳಗೆ ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತಾನೆ. ಕೈ ಬೆಳಕಿನಲ್ಲಿ, ಕಾಲು ಕತ್ತಲೆಯಲ್ಲಿ. ನಲವತ್ತು ವರ್ಷ ತುಳಿದ ಅಂಗಾಲು ಚಪ್ಪಲಿಯ ಅಟ್ಟೆಯಂತೆ ಆಗುತ್ತದೆ. ದಪ್ಪ ಏರಿದಾಗ ನೂಲು ಕತ್ತರಿಸುವ ಬ್ಲೇಡಿನಿಂದಲೇ ಕೆತ್ತುತ್ತೇವೆ. ನೋವಾಗುವುದಿಲ್ಲ. ಅದನ್ನು ನಾವು ಗಟ್ಟಿತನ ಎಂದು ತಿಳಿದಿದ್ದೆವು.

ಆ ಸಲ ನಾನು ಅವರ ಬಲ ಅಂಗಾಲು ಕೆತ್ತಿದಾಗ ಒಳಗಿನಿಂದ ನೀರು ಬಂತು. ಅರಿಶಿನ ಒತ್ತಿ ಬಟ್ಟೆ ಕಟ್ಟಿದೆ.

"ನೋವೈತೇನ್ರಿ?"

"ಏನೂ ಇಲ್ಲ ಬಿಡ. ಇವತ್ತ ಸೆರಗು ಕೂಡ್ಸೂದೈತಿ."

ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವಾಗ ನಮ್ಮಲ್ಲಿ ಯಾರೂ ಮಗ್ಗ ಬಿಟ್ಟು ಏಳುವುದಿಲ್ಲ.

ನಾಲ್ಕು ದಿನಕ್ಕೆ ಜ್ವರ. ಕಂಪೌಂಡರನನ್ನು ಕರೆಸಿದೆ. ಅವನು ಮೊದಲು ಒಬ್ಬ ಡಾಕ್ಟರರ ಬಳಿ ಚೀಟಿ ಕೂಗುತ್ತಿದ್ದ, ಸೂಜಿ ಕುದಿಸುತ್ತಿದ್ದ. ಅವರು ತೀರಿಕೊಂಡ ಮೇಲೆ ಅವರ ಕುರ್ಚಿಯಲ್ಲಿ ತಾನೇ ಕುಳಿತ. ನಮಗೆ ಅವನು ಬೇಕಾದದ್ದು ಒಂದೇ ಕಾರಣಕ್ಕೆ. ಮಗ್ಗದ ತನಕ ಬರುತ್ತಿದ್ದ. ನೇಯುವವನು ಏಳಬೇಕಾಗಿರಲಿಲ್ಲ. ಕಾಲು ಕುಣಿಯಲ್ಲೇ ಇರುತ್ತಿತ್ತು, ಸೂಜಿ ತೋಳಿಗೆ ಬೀಳುತ್ತಿತ್ತು.

"ಕಾಲಿಗೆ ಗಾಯ ಆಗೇತಿ, ಒಂಚೂರ ನೋಡಪಾ," ಎಂದೆ.

"ನೋಡೂದೇನೈತಿ ಅಕ್ಕಾ? ಮಗ್ಗದ ಕಾಲು ನಾ ನೋಡಿಲ್ಲೇನು? ಮೂರು ಇಂಜೆಕ್ಷನ್ ಬೀಳ್ಲಿ, ಮಾವ ಮಹಾಕೂಟಕ್ಕ ನಡಕೋಂತ ಹೊಕ್ಕಾನ."

ಮೂವರೂ ನಕ್ಕೆವು.

ಮೂರು ಹೋಗಿ ಹನ್ನೊಂದು ಇಂಜೆಕ್ಷನ್ ಆದವು. ಅವನು ಒಮ್ಮೆಯೂ ಬಗ್ಗಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಬಟ್ಟೆ ಬದಲಿಸುವಾಗ ವಾಸನೆ ಬರುತ್ತಿತ್ತು. ಮೂಗು ಆಚೆ ತಿರುಗಿಸಿ ಕಟ್ಟುತ್ತಿದ್ದೆ.

ಹನ್ನೆರಡನೆಯ ದಿನ ಅವನು ಯಾರದೋ ಮದುವೆಗೆ ಹೋಗಿದ್ದ. ಬೇರೆ ದಾರಿಯಿಲ್ಲದೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಆ ಹೊತ್ತಿಗೆ ಡಾಕ್ಟರ್ ಇರಲಿಲ್ಲ. ಶಿರೂರು ಕಡೆಯ ಒಬ್ಬ ಹುಡುಗಿ ಇದ್ದಳು, ನರ್ಸ್.

"ಒಂದು ಸೂಜಿ ಹಾಕಿ ಕಳಸವಾ, ನಿನ್ನ ಕೈಲಿ ಅಷ್ಟರ ಆಕ್ಕೈತಿಲ್ಲೋ?" ಎಂದು ಮಾತಿನಲ್ಲೇ ಚುಚ್ಚಿದೆ.

ಅವಳು ನೆಲಕ್ಕೆ ಕುಳಿತು ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಬಟ್ಟೆ ಬಿಚ್ಚಿದಳು.

ಎರಡು ಬೆರಳು ಕಪ್ಪಾಗಿದ್ದವು.

"ಆಯಿ, ಇದು ನನ್ನ ಕೈಯಾಗಿಂದಲ್ಲ. ಈಗಿಂದೀಗ ಬಾಗಲಕೋಟಿಗೆ ಹೋಗ್ರಿ. ಇನ್ನೊಂದು ದಿನ ಕಳೀಬ್ಯಾಡ್ರಿ." ಆಂಬುಲೆನ್ಸಿಗೆ ಅವಳೇ ಫೋನ್ ಮಾಡಿದಳು.

ಬಾಗಲಕೋಟೆಯಲ್ಲಿ ಶುಗರ್ ಮಷಿನ್ ಅಂಕಿಯನ್ನೇ ತೋರಿಸಲಿಲ್ಲ, ಹೈ ಎಂದಷ್ಟೇ ತೋರಿಸಿತು. ಅವರಿಗೆ ಶುಗರ್ ಇದೆ ಎಂಬುದು, ಕಾಲಿಗೆ ನೋವು ತಿಳಿಯದಿದ್ದದ್ದು ಅದರಿಂದಲೇ ಎಂಬುದು ನಮಗೆ ಅಂದೇ ಗೊತ್ತಾದದ್ದು. ಸರ್ಜನ್ ಕಾಲು ನೋಡಿ ನನ್ನನ್ನು ನೋಡಿದರು. "ಇಷ್ಟು ದಿನ ಇದನ್ನ ಯಾರು ನೋಡಿದ್ದು?"

"ಯಾರೂ ನೋಡಿಲ್ರಿ," ಎಂದೆ. ಅದು ಖರೆ ಇತ್ತು.

ಮೊಣಕಾಲಿನ ಕೆಳಗೆ ತೆಗೆದರು.

ಮಗ ವಾರ್ಡಿನಲ್ಲಿ ಹಾರಾಡಿದ. "ಡಾಕ್ಟರ್ ಬಿಟ್ಟು ಬ್ಯಾರೆ ಯಾರೂ ಪೇಶಂಟ್ ಮುಟ್ಟಬಾರದವ್ವ. ಮುಟ್ಟಿದವರನ್ನ ಒಳಗ ಹಾಕಬೇಕು."

"ಆ ನರ್ಸನ್ನೂ ಹಾಕ್ತೀಯೇನು? ಆಕಿ ಮುಟ್ಟಲಿಲ್ಲಂದ್ರ ನಿಮ್ಮಪ್ಪ ಇವತ್ತ ಹೆಣ."

ಮಗ ಔಷಧದ ಚೀಟಿ ಎತ್ತಿಕೊಂಡು ಕೆಳಗೆ ಇಳಿದ.

ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನ ಅವರ ಮಂಚದ ಕೆಳಗೆ ಚಾಪೆ ಹಾಸಿಕೊಂಡು ನಾನು ಇದನ್ನೇ ಯೋಚಿಸಿದೆ. ಡಾಕ್ಟರರ ಕೆಲಸವನ್ನು ಕಡಿಮೆ ಕಲಿತವರು ಮಾಡಬೇಕೋ ಬೇಡವೋ ಎಂದು ಕೇಳಿದರೆ, ನಮ್ಮ ಓಣಿಗೆ ಯಾವ ಡಾಕ್ಟರೂ ಬಂದು ಕುಣಿಯೊಳಗೆ ಇಣುಕುವುದಿಲ್ಲ, ಹಾಗಾಗಿ ಮಾಡಲಿ ಎಂದೇ ಹೇಳುತ್ತೇನೆ. ಆದರೆ ಆ ಹುಡುಗಿಯ ತಲೆಯ ಮೇಲೆ ಒಬ್ಬ ಡಾಕ್ಟರ್ ಇದ್ದಾರೆ, ತಪ್ಪಿದರೆ ಕೇಳುತ್ತಾರೆ. ಕಂಪೌಂಡರನನ್ನು ಕೇಳಲು ನಾವೇ ಇದ್ದೆವು. ನಾವು ಕೇಳಲಿಲ್ಲ. ಏಳದೆ ಕೆಲಸ ಆಯಿತಲ್ಲ ಎಂದು ಖುಷಿಪಟ್ಟೆವು.

ಮನೆಗೆ ಬಂದ ದಿನ ಅವರು ಮಗ್ಗದ ಕಡೆ ಬೆನ್ನು ಮಾಡಿ ಮಲಗಿದರು. ಊಟಕ್ಕೆ ಎಬ್ಬಿಸಿದರೂ ಇತ್ತ ತಿರುಗಲಿಲ್ಲ. ಉಸಿರು ಇದೆ. ಅಷ್ಟಕ್ಕೆ ನಾನು ಆ ಹುಡುಗಿಗೆ ಋಣಿ. ಹೆಚ್ಚಿಗೆ ಹೇಳಲಾರೆ.

ಮರುದಿನ ಬೆಳಿಗ್ಗೆ ಆ ನರ್ಸನ್ನು ನಮ್ಮ ಓಣಿಗೆ ಕರೆತಂದೆ. ಮೊದಲು ಪಕ್ಕದ ಮನೆಯ ದಸ್ತಗೀರನ ಮಗ್ಗಕ್ಕೆ ಹೋದೆವು.

"ಏನ್ ವೈನಿ, ಮುಂಜಾನೆದ್ದು ನನ್ನ ಕಾಲು ಬೀಳಾಕ ಬಂದ್ರೇನು?" ಎಂದ.

"ಬಿದ್ದೇನಂತ ತಿಳಕೋ. ಹೊರಗ ತಗಿ."

ನಗುತ್ತಾ ಕುಣಿಯ ಅಂಚಿಗೆ ಕುಳಿತು ಕಾಲು ಚಾಚಿದ. ನರ್ಸ್ ಅವನಿಗೆ ಕಣ್ಣು ಮುಚ್ಚಲು ಹೇಳಿದಳು. ಮುಟ್ಟಿದ ಕೂಡಲೇ ಹೇಳಬೇಕು ಎಂದಳು. ಪೆನ್ನಿನ ತುದಿಯನ್ನು ಅಂಗಾಲಿಗೆ ಒತ್ತಿದಳು. ಮತ್ತೊಂದು ಕಡೆ ಒತ್ತಿದಳು. ಹೆಬ್ಬೆರಳಿನ ಬುಡಕ್ಕೂ ಒತ್ತಿದಳು.

ಅವನು ಕಣ್ಣು ಮುಚ್ಚಿಕೊಂಡೇ ಇದ್ದ. "ಲಗೂ ಮುಟ್ಟವಾ ತಂಗಿ," ಎಂದ. "ಮಗ್ಗ ನಿಂತೈತಿ."

ನಾನು ಆಟೋ ಕರೆಯಲು ಹೊರಗೆ ನಡೆದೆ.